ಆಪರೇಶನ್ ಆದ ಇಲಿಗಳಿಗೆ ಅಂಟಿನ ಉಂಡೆ

ನಮ್ಮ ಮನೆತನದಲ್ಲಿ ತೂಕವೆಂಬುದು ಹೊಲ, ಮನೆ, ಬಾವಿಗಳ ಹಾಗೆ ಹಿರಿಯರಿಂದ ಬಂದದ್ದು. ವ್ಯತ್ಯಾಸ ಒಂದೇ. ಹೊಲವನ್ನು ಪಾಲು ಮಾಡಿದರೆ ಪ್ರತಿ ಮಗನಿಗೂ ತುಸು ಕಡಿಮೆಯೇ ಬರುತ್ತದೆ; ತೂಕ ಮಾತ್ರ ಎಷ್ಟು ಮಕ್ಕಳಿದ್ದರೂ ಪ್ರತಿಯೊಬ್ಬರಿಗೂ ಇಡಿಯಾಗಿ ಬರುತ್ತದೆ. ನಮ್ಮಜ್ಜ ರಾಯಬಾಗದಿಂದ ನಿಪ್ಪಾಣಿಗೆ ಬೆಲ್ಲದ ವ್ಯಾಪಾರಕ್ಕೆಂದು ಚಕ್ಕಡಿಯಲ್ಲಿ ಬಂದಿಳಿದಾಗ ಎತ್ತುಗಳು ಮೇವು ಮುಟ್ಟದೆ ಮಲಗಿದವೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಕಾಗವಾಡಕ್ಕೆ ಕೊಟ್ಟ ಸೋದರತ್ತೆ, ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪ, ಅಥಣಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾಗಿ ರಾಯಬಾಗದ ಹಳೆಯ ಮನೆಗೆ ಮರಳಿದ ನಾನು, ನಾವೆಲ್ಲರೂ ಈ ಆಸ್ತಿಯನ್ನು ಒಂದು ಗುಂಜಿಯಷ್ಟೂ ಕಳೆಯದೆ ಕಾಪಾಡಿಕೊಂಡು ಬಂದವರು. ಮದುವೆಗಳಲ್ಲಿ ಫೋಟೋದವನು ನಮ್ಮ ಮನೆಯವರನ್ನು ವೇದಿಕೆಗೆ ಕರೆಯುವ ಮೊದಲು ವೇದಿಕೆಯ ಹಲಗೆಗಳನ್ನು ಕಾಲಿನಿಂದ ಒತ್ತಿ ನೋಡುವುದನ್ನು ಕಂಡಿದ್ದೇನೆ. ಅದರಲ್ಲಿ ಅವಮಾನವೇನೂ ಇಲ್ಲ. ಗಣ್ಯರು ಬರುವ ಮುನ್ನ ಸೇತುವೆಯನ್ನೂ ಹಾಗೆಯೇ ಪರೀಕ್ಷಿಸುತ್ತಾರೆ.

ಈ ಪರಂಪರೆಯ ಶಿಖರವೆಂದರೆ ನನ್ನ ಅಣ್ಣ. ನಿಪ್ಪಾಣಿಯ ಪೇಟೆಯಲ್ಲಿ ಅಜ್ಜನ ಬೆಲ್ಲದ ಅಂಗಡಿಯನ್ನು ಅವನೇ ನಡೆಸುತ್ತಾನೆ. ಗಾದಿಯ ಮೇಲೆ ಬೆಳಿಗ್ಗೆ ಕೂತನೆಂದರೆ ಸಂಜೆಯವರೆಗೆ ಏಳುವುದು ಕಡಿಮೆ, ಏಕೆಂದರೆ ಏಳುವುದೇ ಒಂದು ಕಾರ್ಯಕ್ರಮ. ಒಂದು ಕೈ ಗೋಡೆಗೆ, ಒಂದು ಕೈ ಯಾರದಾದರೂ ಹೆಗಲಿಗೆ, ನಡುವೆ ಮೊಣಕಾಲುಗಳ ಪ್ರತಿಭಟನೆ. ಅಣ್ಣನಿಗೆ ತೂಕದ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಮೊಣಕಾಲುಗಳ ಬಗ್ಗೆ, ಅದೂ ಒಂದೇ ಒಂದು ಕಾರಣಕ್ಕೆ.

ನಮ್ಮದು ಜೈನರ ಮನೆ. ಚಾತುರ್ಮಾಸದಲ್ಲಿ ಮುನಿಗಳು ಊರಲ್ಲಿ ನೆಲೆ ನಿಂತಾಗ ಬೆಳಿಗ್ಗೆ ಆಹಾರಕ್ಕೆ ಹೊರಡುತ್ತಾರೆ. ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಉಣ್ಣುತ್ತಾರೆ. ಅವರಿಗೆ ಉಣಿಸಬೇಕೆನ್ನುವ ಗಂಡ ಹೆಂಡತಿ ಮಡಿಯುಟ್ಟು, ಕಳಶ ಹಿಡಿದು, ತಮ್ಮ ಬಾಗಿಲಲ್ಲಿ ಜೋಡಿಯಾಗಿ ನಿಂತು ಕರೆಯಬೇಕು. ಮುನಿಗಳು ಮನಸ್ಸಿನಲ್ಲಿ ಏನೋ ಒಂದು ಗುರುತು ಇಟ್ಟುಕೊಂಡು ಬರುತ್ತಾರೆ. ಅದು ಕಂಡ ಮನೆಯೆದುರು ಮಾತ್ರ ನಿಲ್ಲುತ್ತಾರೆ. ನಿಂತರೆ ಮೂರು ಪ್ರದಕ್ಷಿಣೆ, ಒಳಗೆ ಕರೆತಂದು ಪಾದ ತೊಳೆಯುವುದು, ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ. ಅಜ್ಜನ ಕಾಲದಿಂದ ನಮ್ಮ ಮನೆಯ ಬಾಗಿಲಲ್ಲಿ ಇದು ನಡೆದುಕೊಂಡು ಬಂದಿತ್ತು. ಅಣ್ಣನ ಮೊಣಕಾಲು ಕೈಕೊಟ್ಟ ಮೊದಲ ವರ್ಷ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಮರುವರ್ಷ ಕುರ್ಚಿ ಹಾಕಿಸಿದ. ಕುರ್ಚಿಯಲ್ಲಿ ಕೂತು ಮುನಿಗಳನ್ನು ಕರೆಯುವ ಪದ್ಧತಿ ಯಾವ ಶಾಸ್ತ್ರದಲ್ಲೂ ಇಲ್ಲವೆಂದು ಹಿರಿಯರು ಮೆಲ್ಲಗೆ ತಿಳಿಸಿದರು. ಆಮೇಲೆ ಎರಡು ಚಾತುರ್ಮಾಸ ನಮ್ಮ ಮನೆಯ ಬಾಗಿಲು ಆ ಹೊತ್ತಿಗೆ ಮುಚ್ಚಿಕೊಂಡೇ ಇತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ನೆರೆಮನೆಗೆ ಹೋಗಿ ಅಡಿಗೆಗೆ ಕೈಹಚ್ಚಿ ಬರುತ್ತಿದ್ದರು.

ಅಣ್ಣ ನನ್ನೆದುರು ಒಮ್ಮೆ ಅಂದ: "ಅರ್ಧ ಪೇಟೆಗೆ ಉಣಿಸಿದ ಮನಿ ಇದು. ಒಬ್ಬ ಮುನಿಗೆ ಒಂದು ಬೊಗಸಿ ಅನ್ನ ನೀಡಾಕ ನನಗ ಬಗ್ಗಾಕ ಬರವಲ್ದು ನೋಡು."

ಮಿರಜದ ಡಾಕ್ಟರು ಅವನನ್ನು ತೂಗಿ, ಮೊಣಕಾಲು ತಟ್ಟಿ, ರಕ್ತದ ಸಕ್ಕರೆ ನೋಡಿ, ಇದು ಮೊಣಕಾಲಿನ ತಪ್ಪಲ್ಲ, ಹೊರೆಯ ತಪ್ಪು ಎಂದರು. ಹೊಟ್ಟೆಯನ್ನು ಒಂದು ಸಣ್ಣ ಚೀಲದಷ್ಟು ಮಾಡಿ, ಕರುಳಿನ ದಾರಿಯನ್ನು ಬದಲಿಸುವ ಆಪರೇಶನ್ ಒಂದಿದೆ, ಮಾಡಿಸಿಕೊಂಡರೆ ವರ್ಷದೊಳಗೆ ಮೊಣಕಾಲೂರಬಹುದು ಎಂದರು. ಯಾರೇ ಆದರೂ ಹೂಂ ಅನ್ನಬೇಕು ಇಲ್ಲವೇ ಊಹೂಂ ಅನ್ನಬೇಕು. ಅಣ್ಣ ವ್ಯಾಪಾರಿ. ಅವನೆಂದ:

"ಮಾಲು ಸ್ಯಾಂಪಲ್ ನೋಡದ ತಗೊಳ್ಳುವ ರೂಢಿ ನಮ್ಮಲ್ಲಿ ಇಲ್ರಿ ಡಾಕ್ಟರ. ನನ್ನ ಮಗಳು ಇದೇ ಆಪರೇಶನ್ ಇಲಿಗೆ ಮಾಡ್ಯಾಳ. ಅವು ವರ್ಷ ಕಳದ ಮ್ಯಾಲೂ ತೆಳ್ಳಗ ಉಳದ್ರ ಬರತೀನಿ."

ಡಾಕ್ಟರು ತಮ್ಮ ಇಡೀ ವೃತ್ತಿಜೀವನದಲ್ಲಿ ಇಂಥ ಉತ್ತರ ಕೇಳಿರಲಿಲ್ಲವೆಂದು ಅವರ ಮುಖ ಹೇಳುತ್ತಿತ್ತು. ಆದರೆ ಅಣ್ಣ ಹೇಳಿದ್ದು ನಿಜವಾಗಿತ್ತು.

ಅಣ್ಣನ ಮಗಳು ಚಿಕ್ಕೋಡಿಯ ಕಡೆ ಒಂದು ಔಷಧ ವಿಜ್ಞಾನದ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತ ಅಲ್ಲಿಯೇ ಹಾಸ್ಟೆಲಿನಲ್ಲಿದ್ದಳು. ಅವಳ ಇಲಿಗಳು ಸಾಮಾನ್ಯ ಇಲಿಗಳಲ್ಲ. ತಾಯಿಯಿಂದಲೂ ತಂದೆಯಿಂದಲೂ ಒಂದೊಂದು ಕೆಟ್ಟ ವಂಶವಾಹಿ ಪಡೆದು, ಹುಟ್ಟುತ್ತಲೇ ಬೊಜ್ಜಿಗೆ ವಾರಸುದಾರರಾದವು. ಹೊಟ್ಟೆ ತುಂಬಿತೆಂಬ ಸುದ್ದಿ ಮೈಯಿಂದ ಹೊರಡುತ್ತದೆ, ಮಿದುಳಿನಲ್ಲಿ ಅದನ್ನು ಬರಮಾಡಿಕೊಳ್ಳುವವರು ಯಾರೂ ಇಲ್ಲ; ಹೀಗಾಗಿ ಅವು ತಿನ್ನುತ್ತಲೇ ಇರುತ್ತವೆ. ಅವಳು ಇದನ್ನು ವಿವರಿಸಿದಾಗ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಂಬಂಧಿಕರ ಸುದ್ದಿ ಕೇಳಿದ ಹಾಗಾಯಿತು.

ಇಂಥ ಇಲಿಗಳಲ್ಲಿ ಅರ್ಧದಷ್ಟಕ್ಕೆ ಅವಳು ತನ್ನ ಮಾರ್ಗದರ್ಶಕರೊಂದಿಗೆ ಹೊಟ್ಟೆಯ ಆಪರೇಶನ್ ಮಾಡಿದ್ದಳು. ಉಳಿದರ್ಧವನ್ನು ಇದ್ದ ಹಾಗೆಯೇ ಬಿಟ್ಟಿದ್ದಳು. ಪ್ರಶ್ನೆ ಇಷ್ಟೇ: ಹುಟ್ಟಿನಿಂದಲೇ ದಪ್ಪಗಾಗಬೇಕೆಂದು ಬರೆಸಿಕೊಂಡು ಬಂದ ಪ್ರಾಣಿಯ ಹೊಟ್ಟೆಯನ್ನು ಸಣ್ಣದು ಮಾಡಿದರೆ ಅದು ಕಡೆಯವರೆಗೂ ತೆಳ್ಳಗೆ ಉಳಿಯುತ್ತದೆಯೋ, ಇಲ್ಲ ವಂಶವೇ ಗೆಲ್ಲುತ್ತದೆಯೋ? ಮನುಷ್ಯನಲ್ಲಿ ಇದನ್ನು ನೋಡಲು ಅರ್ಧ ಆಯುಷ್ಯ ಕಾಯಬೇಕು. ಇಲಿಯಲ್ಲಾದರೆ ಒಂದು ಕಬ್ಬಿನ ಹಂಗಾಮಿನಿಂದ ಮುಂದಿನ ಹಂಗಾಮಿನೊಳಗೆ ನೋಡಬಹುದು.

ವೈನಿಗೆ ಮಾತ್ರ ಈ ವಿದ್ಯೆ ಮೊದಲಿನಿಂದಲೂ ಒಗ್ಗಲಿಲ್ಲ.

"ಬದುಕಿದ ಇಲಿ ಹೊಟ್ಟಿ ಕೊಯ್ತಿ ಏನವ್ವಾ?"

"ಮಂಪರು ಔಷಧ ಕೊಟ್ಟಿರ್ತೀವಿ ಅವ್ವಾ. ಅವಕ್ಕ ಗೊತ್ತಾಗಂಗಿಲ್ಲ. ಕೊಯ್ದು ಮತ್ತ ಹೊಲಿತೀವಿ."

"ಕಣ್ಣಿಗೆ ಕಾಣದ ಜೀವಾನೂ ಸಾಯಬಾರದಂತ ನೀರು ಸೋಸಿ ಕುಡಿಯುವ ಮನ್ಯಾಗ ಹುಟ್ಟೀದಿ. ಅಷ್ಟು ನೆಪ್ಪಿರಲಿ."

ಮಗಳು ನೆನಪಿಟ್ಟುಕೊಂಡಳು, ಆದರೆ ಕೆಲಸವನ್ನೂ ಬಿಡಲಿಲ್ಲ. ಅವಳೂ ಈ ಮನೆಯ ಹಟದ ವಾರಸುದಾರಳೇ.

ಹೀಗೆ ನಮ್ಮ ಮನೆಯಲ್ಲಿ ಇಲಿಗಳ ಯುಗ ಆರಂಭವಾಯಿತು. ಪ್ರತಿ ಭಾನುವಾರ ಮಗಳು ಫೋನ್ ಮಾಡಿದಾಗ ಅಣ್ಣ ಅವಳ ತಬ್ಯೇತು ಕೇಳುವ ಮೊದಲು ಇಲಿಗಳ ತಬ್ಯೇತು ಕೇಳುತ್ತಿದ್ದ. ಸುದ್ದಿ ಅಂಗಡಿಗೆ, ಅಂಗಡಿಯಿಂದ ಪೇಟೆಗೆ, ಪೇಟೆಯಿಂದ ಕಾಗವಾಡದ ಅತ್ತೆಯವರೆಗೆ ಹೋಗುತ್ತಿತ್ತು. ಬೆಲ್ಲ ಕೊಳ್ಳಲು ಬಂದವರು ದರ ಕೇಳಿ, ಆಮೇಲೆ ದನಿ ತಗ್ಗಿಸಿ "ಇಲಿ ಹೆಂಗದಾವ್ರಿ ಸಾವ್ಕಾರ?" ಎಂದು ವಿಚಾರಿಸುವ ಮಟ್ಟಕ್ಕೆ ಬಂತು. ಮೊದಲ ತಿಂಗಳುಗಳಲ್ಲಿ ಉತ್ತರ ಭವ್ಯವಾಗಿತ್ತು. ಆಪರೇಶನ್ ಆದ ಇಲಿಗಳು ಇಳಿದಿದ್ದವು. ಪಂಜರದ ಕಂಬಿ ಹಿಡಿದು ಹತ್ತುತ್ತಿದ್ದವು. ಅಣ್ಣ ಮುಖದಲ್ಲಿ ಒಂದು ಕಳೆ ತಂದುಕೊಂಡು, ಅಟ್ಟದ ಮೇಲಿದ್ದ ಕಳಶವನ್ನು ಇಳಿಸಿ ಬೆಳಗಿಡಲು ಹೇಳಿದ. ವೈನಿ ಅದನ್ನು ತಾವೇ ಹುಣಸೆಹಣ್ಣು ಹಚ್ಚಿ ತಿಕ್ಕಿದರು.

ಆಮೇಲೆ ಸುದ್ದಿ ಕೆಟ್ಟಿತು. ಇಳಿದ ಇಲಿಗಳು ಏರತೊಡಗಿದವು. ಮೊದಲು ತುಸು, ಆಮೇಲೆ ತುಸು ಹೆಚ್ಚು. ಫೋನಿನಲ್ಲಿ ಮಗಳ ದನಿ ಸಣ್ಣಗಾಯಿತು. ಅವಳ ಪ್ರಬಂಧದ ಗತಿ ಏನೆಂಬ ಚಿಂತೆ ಅವಳಿಗೆ. ಅಣ್ಣನಿಗೆ ಅವನದೇ ಚಿಂತೆ. ಒಂದು ಭಾನುವಾರ ಅವನು ಫೋನಿಟ್ಟು, ನನ್ನತ್ತ ತಿರುಗಿದ.

"ವಂಶ ಬಿಡಂಗಿಲ್ಲೋ," ಎಂದ. "ಇಲಿನ್ನೇ ಬಿಡಲಿಲ್ಲ ಅಂದ ಮ್ಯಾಲೆ ನನಗೇನು ಬಿಡತೈತಿ? ಮಿರಜಕ್ಕ ಬರಂಗಿಲ್ಲ ಅಂತ ಹೇಳಿಬಿಡು."

ಹೇಳಿದೆ. ಕಳಶ ಮತ್ತೆ ಅಟ್ಟ ಹತ್ತಿತು.

ಮರುವಾರ ಮಗಳು ನನಗೆ ನೇರವಾಗಿ ಫೋನ್ ಮಾಡಿದಳು. "ಕಾಕಾ, ನೀವೊಮ್ಮೆ ಬಂದು ನೋಡ್ರಿ. ನೀವು ಇಷ್ಟು ವರ್ಷ ಪ್ರಾಣಿಗಳ ಬಗ್ಗೆ ಕಲಿಸೀರಿ. ನನ್ನ ಹೊಲಿಗಿ ಬಿಚ್ಚಿರಬಹುದಾ, ಚೀಲ ಹಿಗ್ಗಿರಬಹುದಾ, ಏನೂ ತಿಳಿವಲ್ದು." ನಾನು ಕಲಿಸಿದ್ದು ಹೆಚ್ಚಾಗಿ ಕಪ್ಪೆ ಮತ್ತು ಜಿರಳೆ, ಅದೂ ಹಲಗೆಯ ಮೇಲೆ ಚಿತ್ರ ಬರೆದು. ಆದರೂ ಕರೆದವಳು ಮಗಳು. ಟೊಪ್ಪಿಗೆ ಹಾಕಿಕೊಂಡು ಹೊರಟೆ. ರಾಯಬಾಗದಿಂದ ಚಿಕ್ಕೋಡಿಗೆ ಹೋಗುವ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಸಾಗಿತು. ಇಬ್ಬರ ಸೀಟಿನಲ್ಲಿ ನನ್ನ ಪಕ್ಕ ಕೂರಲು ಬಂದವರು ಒಮ್ಮೆ ನೋಡಿ, ನಿಂತೇ ಬರುತ್ತೇವೆಂದು ವಿನಯದಿಂದ ಹೇಳಿದರು.

ಕಾಲೇಜಿನವರ ಅನುಮತಿ ಪಡೆದು, ಬಿಳಿ ನಿಲುವಂಗಿಯೊಂದರಲ್ಲಿ ನನ್ನ ಮುಂಭಾಗವನ್ನಷ್ಟೇ ತೂರಿಸಿ, ಇಲಿಗಳ ಕೋಣೆಯೊಳಗೆ ಹೋದೆ. ಕೋಣೆ ತಂಪಾಗಿತ್ತು, ಒಪ್ಪವಾಗಿತ್ತು. ಎಡಗಡೆಯ ಸಾಲಿನಲ್ಲಿ ಆಪರೇಶನ್ ಆಗದವು, ಬಲಗಡೆ ಆದವು. ಎಡಗಡೆಯವು ಹತ್ತಿ ತುಂಬಿದ ದಿಂಬುಗಳ ಹಾಗೆ ಬಿದ್ದುಕೊಂಡಿದ್ದವು. ನಮ್ಮ ಮನೆಯ ಮಧ್ಯಾಹ್ನವೇ ಕಣ್ಣಿಗೆ ಕಟ್ಟಿತು. ಬಲಗಡೆಯವು ಅಷ್ಟಿಲ್ಲದಿದ್ದರೂ ಆ ದಾರಿಯಲ್ಲೇ ಇದ್ದವು. ಅಲ್ಲಿ ಇಲಿಗಳ ಊಟದ ಉಸ್ತುವಾರಿಗೆ ಚಿಕ್ಕೋಡಿಯವರೇ ಆದ ಒಬ್ಬ ಹಿರಿಯರಿದ್ದರು. ಎಲ್ಲರಿಗೂ ಚಾಚಾ. ನನಗೆ ಸಲಾಮು ಹೇಳಿ, ಅಳಿಯನ ಮುಂದೆ ಮನೆತನ ತೋರಿಸುವವರ ಹಾಗೆ ಒಂದೊಂದೇ ಪಂಜರ ತೋರಿಸಿದರು.

ನಾನು ಬಗ್ಗಿ ಒಂದು ಇಲಿಯನ್ನು ಗಂಭೀರವಾಗಿ ನೋಡುತ್ತಿದ್ದೆ. ಏನು ನೋಡಬೇಕೆಂದು ನನಗೂ ಗೊತ್ತಿರಲಿಲ್ಲ, ಇಲಿಗೂ ಗೊತ್ತಿರಲಿಲ್ಲ. ಆಗ ಮೂಗಿಗೆ ಒಂದು ವಾಸನೆ ಬಡಿಯಿತು. ಇಲಿಯ ವಾಸನೆಯಲ್ಲ, ಔಷಧದ ವಾಸನೆಯೂ ಅಲ್ಲ. ತುಪ್ಪ. ಅದರ ಹಿಂದೆ ಹುರಿದ ಕೊಬ್ಬರಿ. ಅದರ ಹಿಂದೆ, ತುಸು ನಾಚಿಕೊಂಡು, ಜಾಜಿಕಾಯಿ. ಈ ಮೂರನ್ನು ಇದೇ ಪ್ರಮಾಣದಲ್ಲಿ ಬೆರೆಸುವ ಕೈ ಬೆಳಗಾವಿ ಜಿಲ್ಲೆಯಲ್ಲಿ ಒಂದೇ ಇದೆ, ಮತ್ತು ಆ ಕೈಯ ಋಣದಲ್ಲೇ ನನ್ನ ಈ ದೇಹ ಬೆಳೆದದ್ದು. ಪಂಜರದ ಮೂಲೆಯ ಭತ್ತದ ಹೊಟ್ಟಿನೊಳಗೆ ಇಲಿ ಜೋಪಾನವಾಗಿ ಬಚ್ಚಿಟ್ಟಿದ್ದ ಒಂದು ಚೂರು ಕಂಡಿತು.

"ಚಾಚಾ, ಇದೇನು?"

"ಉಂಡಿ ರೀ ಸರ. ಅಂಟಿನ ಉಂಡಿ."

"ಯಾರ ಉಂಡಿ?"

"ಇವುಗಳದ ರೀ. ಆಪರೇಶನ್ ಆದವುಗಳದ. ಮ್ಯಾಡಮ್‌ರ ಅವ್ವಾರು ಕಳಸ್ತಾರಲ್ರಿ. ಸಂತಿ ದಿನ ನಾ ನಿಪ್ಪಾಣಿಗೆ ಹೋದಾಗ ಎರಡು ಡಬ್ಬಿ ಕೊಡ್ತಾರ. ಒಂದು ಮ್ಯಾಡಮ್‌ರಿಗೆ ರೊಟ್ಟಿ ಪಲ್ಯ. ಇನ್ನೊಂದು ಇವಕ್ಕ."

ಮಗಳು ಬಗ್ಗಿ ಆ ಚೂರನ್ನು ನೋಡಿದಳು. "ಚಾಚಾ, ನನಗ್ಯಾಕ ಹೇಳಲಿಲ್ಲ ನೀವು?"

"ನಿಮ್ಮ ಮನಿಯಿಂದ ಬಂದದ್ದು ನಿಮಗ ಗೊತ್ತಿಲ್ಲ ಅಂತ ನನಗ ಹೆಂಗ ಗೊತ್ತಾಗಬೇಕ್ರಿ ಮ್ಯಾಡಮ್?"

ನಾನು ಎಡಗಡೆಯ ಸಾಲನ್ನು ತೋರಿಸಿ, ಇವಕ್ಕೂ ಕೊಡುತ್ತೀರೋ ಎಂದು ಕೇಳಿದೆ.

"ಛೇ, ಇಲ್ರಿ. ಅವು ಗಟ್ಟಿಮುಟ್ಟ ಅದಾವಲ್ರಿ. ಕೊಯ್ಸಿಕೊಂಡವಕ್ಕಷ್ಟ ಅಂತ ಅವ್ವಾರು ಬರೋಬ್ಬರಿ ಹೇಳ್ಯಾರ. ಮತ್ತ ಹೊತ್ತು ಮುಳುಗೂದರೊಳಗ ತಿನ್ನಿಸಬೇಕಂತ. ಇವು ಹಗಲೆಲ್ಲಾ ಮಲಗ್ತಾವ. ನಾ ಒಂದೊಂದನ್ನ ಎಬ್ಬಿಸಿ ಕೊಡ್ತೀನ್ರಿ. ಮೊದಮೊದಲು ತಿಂದು ಮಂಕಾಗಿ ಕುಂದರತಿದ್ವು. ಈಗ ರೂಢಿ ಆಗೇತಿ. ಚೂರು ಚೂರು ತಿಂತಾವ."

ಅಂಟಿನ ಉಂಡೆ ನಮ್ಮ ಕಡೆ ಬಾಣಂತಿಗೆ ಕೊಡುವುದು. ಯಾರದಾದರೂ ಹೊಟ್ಟೆ ಕೊಯ್ದಿದ್ದರೂ ಕೊಡುವುದು. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣ ಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಕಟ್ಟಿದ ಒಂದೊಂದು ಉಂಡೆಯೂ ಒಂದು ಊಟಕ್ಕೆ ಸಮ. ಕೊಯ್ಸಿಕೊಂಡ ಜೀವ ನಿತ್ರಾಣವಾಗಿರುತ್ತದೆ, ಅದಕ್ಕೆ ಉಂಡೆ ಕೊಡಬೇಕು: ಇದು ವೈನಿಗೆ ಗೊತ್ತಿದ್ದ ವೈದ್ಯಶಾಸ್ತ್ರ, ಮತ್ತು ಮನುಷ್ಯರ ಮಟ್ಟಿಗೆ ಅದು ಎಂದೂ ಹುಸಿಯಾಗಿರಲಿಲ್ಲ. ಇಲಿಗಳಿಗೆ ಅದನ್ನು ವಿಸ್ತರಿಸುವಾಗ ಅವರು ಒಂದು ಸಣ್ಣ ಸಂಗತಿಯನ್ನು ಮರೆತಿದ್ದರು. ಆ ಇಲಿಗಳನ್ನು ಕೊಯ್ದದ್ದೇ ಅವು ತಿನ್ನದಿರಲೆಂದು.

ಆ ಭಾನುವಾರ ನಿಪ್ಪಾಣಿಯ ಮನೆಯ ಪಡಸಾಲೆಯಲ್ಲಿ ನ್ಯಾಯ ಕೂಡಿತು. ಅಣ್ಣ ಗಾದಿಯ ಮೇಲೆ, ಎಂದಿನಂತೆ ಅಧ್ಯಕ್ಷಸ್ಥಾನದಲ್ಲಿ. ಮಗಳು ಅಳು ನುಂಗಿಕೊಂಡು ನಿಂತಿದ್ದಳು. ವೈನಿ ಅಕ್ಕಿ ಆರಿಸುತ್ತ ಕೂತಿದ್ದರು. ಮುಖದಲ್ಲಿ ಪಶ್ಚಾತ್ತಾಪದ ಹೆಸರಿರಲಿಲ್ಲ. ನಾನು ಸಾಕ್ಷಿದಾರ.

"ವೈನಿ, ಹಿಂಗ್ಯಾಕ ಮಾಡಿದ್ರಿ?" ಎಂದೆ.

"ಏನು ಮಾಡೀನ್ರಿ ಭಾವಜಿ? ಕಳವು ಮಾಡೀನೇನು? ಹೊಟ್ಟಿ ಕೊಯ್ಸಿಕೊಂಡ ಜೀವಕ್ಕ ಉಂಡಿ ಕೊಟ್ಟೀನಿ."

"ಅವ್ವಾ, ನನ್ನ ಅಷ್ಟು ದಿನದ ಕೆಲಸ ಹಾಳಾತು."

ವೈನಿ ಮೊರವನ್ನು ಕೆಳಗಿಟ್ಟರು. "ನೀ ಕೊಯ್ದಿ. ನಾ ಉಣಿಸೀನಿ. ಇದರಾಗ ಕರ್ಮ ಯಾರಿಗೆ ಹತ್ತತೈತಿ, ನೀನ ಹೇಳು. ನೀ ಅಲ್ಲಿ ಕತ್ರಿ ಹಿಡದ್ರ ಇಲ್ಲಿ ನನಗ ತುತ್ತು ಇಳಿವಲ್ದಾಗಿತ್ತು. ನಿನ್ನ ಪಾಪಕ್ಕ ನಾ ಉಂಡಿ ಕಟ್ಟೀನವ್ವಾ. ಹವ್ಯಾಸಕ್ಕಲ್ಲ."

ತನ್ನ ಪಾಪದ ಲೆಕ್ಕ ತೀರಿಸಲು ತಾಯಿ ವಾರವಾರ ತುಪ್ಪದ ಮುಂದೆ ಕೂತಿದ್ದಳೆಂದು ತಿಳಿದ ಮೇಲೆ ಸಿಟ್ಟನ್ನು ಎಲ್ಲಿಡಬೇಕೆಂದು ಮಗಳಿಗೆ ತೋಚಲಿಲ್ಲ.

ಆಗ ಅಣ್ಣ ಮಾತಾಡಿದ. "ಹಂಗಾರ ಆಪರೇಶನ್ ಕೆಟ್ಟಿಲ್ಲ."

ನಾವೆಲ್ಲ ಅವನ ಕಡೆ ತಿರುಗಿದೆವು.

"ಮಾಲು ಚಲೋ ಐತಿ. ಗೋದಾಮು ಸರಿ ಇಲ್ಲ. ಬ್ಯಾರೆ ಏನೂ ಅಲ್ಲ." ಎಂದ. ಅವನ ಮುಖದಲ್ಲಿ ಆಸೆ ಮತ್ತೆ ಚಿಗುರಿದ್ದು ಕಂಡಿತು. ಮರುಗಳಿಗೆಯಲ್ಲೇ ಅದು ಬಾಡಿದ್ದೂ ಕಂಡಿತು. "ಆದ್ರ ನಾಳೆ ನನಗ ಕೊಯ್ದ್ರ, ನನಗೂ ಉಂಡಿ ಬರತಾವಲ್ಲ."

"ಬರದ ಏನು ಮಾಡ್ತಾವ?" ಎಂದರು ವೈನಿ. ಅಂದ ಮೇಲೆ ಅವರಿಗೇ ಕೇಳಿಸಿತು.

ಯಾರೂ ನಗಲಿಲ್ಲ. ನಗಬಾರದೆಂದು ನಾನು ಬಹಳ ಶ್ರಮಪಟ್ಟೆ. ಅಣ್ಣ ಮೆಲ್ಲಗೆ, ವ್ಯಾಪಾರದ ದನಿ ಬಿಟ್ಟು ಹೇಳಿದ: "ಬಾಗಿಲದಾಗ ನಾವಿಬ್ಬರೂ ಜೋಡಿ ನಿಂದ್ರಬೇಕಂದ್ರ, ನನ್ನ ಹೊಟ್ಟಿ ಕೊಯ್ಸಿದ್ರಷ್ಟ ಸಾಲಂಗಿಲ್ಲ ನೋಡು. ನೀ ಕೈ ಕಟ್ಟಬೇಕಾಗತೈತಿ. ಆಗತೈತೇನು ನಿನ್ನ ಕಡಿಂದ?"

ವೈನಿ ಎದ್ದು ಒಳಗೆ ಹೋದರು. ಹೊತ್ತು ಇಳಿಯುತ್ತಿತ್ತು, ನಮ್ಮ ಮನೆಯಲ್ಲಿ ದೀಪ ಹಚ್ಚುವ ಮೊದಲೇ ಊಟ ಮುಗಿಯಬೇಕು. ತಾಟುಗಳು ಬಂದವು. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನನಗೆ ಎರಡನೆಯ ರೊಟ್ಟಿ ಬಂತು, ಬೇಡವೆಂದರೂ ಮೂರನೆಯದು ಬಂತು. ಮಗಳಿಗೂ ಬಂತು. ಅಣ್ಣ ತನ್ನ ಒಂದು ರೊಟ್ಟಿ ಮುಗಿಸಿ, ಅಭ್ಯಾಸಬಲದಿಂದ ತಾಟನ್ನು ಒಂದಿಷ್ಟು ಮುಂದೆ ಸರಿಸಿ ಕಾದ. ವೈನಿ ರೊಟ್ಟಿಯ ಬುಟ್ಟಿ ಹಿಡಿದು ಅವನೆದುರಿಗೆ ಬಂದು ನಿಂತರು. ನಿಂತೇ ಇದ್ದರು. ಆಮೇಲೆ ಬುಟ್ಟಿಯೊಂದಿಗೆ ಒಳಗೆ ಹೋದರು. ನಮ್ಮ ಮನೆತನದ ಇತಿಹಾಸ ಬರೆಯುವವರಿದ್ದರೆ ಈ ಘಟನೆಗೆ ಒಂದು ಅಧ್ಯಾಯ ಮೀಸಲಿಡಬೇಕು. ಅಣ್ಣ ಖಾಲಿ ತಾಟನ್ನು ಸ್ವಲ್ಪ ಹೊತ್ತು ನೋಡಿ, ನನ್ನತ್ತ ತಿರುಗಿ, "ಮಿರಜಕ್ಕ ಫೋನ್ ಹಚ್ಚು" ಎಂದ.

ಇಲಿಗಳ ಕಥೆಯನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಉಂಡೆ ನಿಂತ ಮೇಲೆ ಅವು ಮತ್ತೆ ಇಳಿದವು; ಮೊದಲು ಇಳಿದಷ್ಟು ಇಳಿಯಲಿಲ್ಲ. ಮಾರ್ಗದರ್ಶಕರು ಸಂಗತಿ ಕೇಳಿ ಬಹಳ ಹೊತ್ತು ನಕ್ಕರಂತೆ, ಕಡೆಗೆ ಆದದ್ದನ್ನು ಆದ ಹಾಗೆಯೇ ಬರೆ ಎಂದರಂತೆ. ಬರೆದಳು. ಹುಟ್ಟಾ ದಪ್ಪಗಿದ್ದ ಪ್ರಾಣಿಗೆ ಆಪರೇಶನ್ನಿನಿಂದ ಗುಣವಾಗುತ್ತದೆ, ಆದರೆ ವಂಶದ ಹಸಿವು ಎಲ್ಲಿಯೂ ಹೋಗುವುದಿಲ್ಲ, ಸಣ್ಣ ಬಾಗಿಲು ಸಿಕ್ಕರೂ ಚೂರು ಚೂರಾಗಿ ಒಳಗೆ ಬರುತ್ತದೆ: ಅವಳು ಕಂಡದ್ದು ಇಷ್ಟು. ಆದರೂ ಮುದಿತನದಲ್ಲಿ ಬಲಗಡೆಯ ಸಾಲಿನವು ಪಂಜರದ ತುಂಬ ಓಡಾಡುತ್ತಿದ್ದವು, ಎಡಗಡೆಯವು ಏಳುತ್ತಿರಲಿಲ್ಲ. ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಏನು ಮಾಡುತ್ತಾರೆಂದು ವೈನಿ ಕೇಳಿದರು. ಮಗಳು ಸುಳ್ಳು ಹೇಳಲಿಲ್ಲ. ಆ ದಿನ ವೈನಿ ಉಪವಾಸವಿದ್ದರು. ಮಗಳೂ ಹಸಿವಿಲ್ಲವೆಂದಳು. ತಾಯಿ ಮಗಳು ಅಡಿಗೆಮನೆಯ ಹೊಸ್ತಿಲ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದರು.

ಮಿರಜದಲ್ಲಿ ಅಣ್ಣನ ಆಪರೇಶನ್ ಸುಸೂತ್ರವಾಗಿ ಆಯಿತು. ಕಷ್ಟ ಶುರುವಾದದ್ದು ಆಮೇಲೆ, ಬಂಧುಗಳು ನೋಡಲು ಬರತೊಡಗಿದಾಗ. ಕಾಗವಾಡದಿಂದ ಉಂಡೆಯ ಡಬ್ಬಿ, ಉಗಾರದಿಂದ ಡಬ್ಬಿ, ಅಥಣಿಯಿಂದ ಎರಡು ಡಬ್ಬಿ. ವೈನಿ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದ ಡಬ್ಬಿಯನ್ನೆಲ್ಲ ನಗುನಗುತ್ತ ಇಸಿದುಕೊಂಡು, ನರ್ಸುಗಳ ಕಡೆ ದಾಟಿಸಿದರು. ಸೋದರತ್ತೆಗೆ ಇದು ತಿಳಿದು ದೊಡ್ಡ ರಾದ್ಧಾಂತವಾಯಿತು.

"ನನ್ನ ಕೈಯಾರ ಕಟ್ಟಿದ ಉಂಡಿ ಕಂಡವರಿಗೆ ಹಂಚ್ತಿಯಾ? ನನ್ನ ಅಳಿಯನ್ನ ಉಪಾಸ ಕೆಡವಿ ಕೊಲ್ಲಾಕತ್ತೀದಿ ಏನು?"

"ಆತ್ಯಾ, ನಿಮ್ಮ ಅಳಿಯ ಮೊದಲ ಸಲ ಕಡಿಮಿ ಉಣ್ಣಾಕತ್ತಾರ. ಕೆಡಸಬ್ಯಾಡ್ರಿ."

ವೈನಿ ಇಂಥ ಮಾತನ್ನು ಸೋದರತ್ತೆಗೆ ಹೇಳಿದ್ದು ಅದೇ ಮೊದಲು. ಅತ್ತೆ ಮುಂದಿನ ದೀಪಾವಳಿಯವರೆಗೆ ಮಾತು ಬಿಟ್ಟರು. ನಮ್ಮ ಕಡೆ ಹತ್ತಿರದವರು ಮಾತು ಬಿಡುವುದೂ ಒಂದು ಸಂಬಂಧವೇ. ಎಲ್ಲರೂ ಅದನ್ನು ಶಿಸ್ತಿನಿಂದ ಪಾಲಿಸಿದೆವು.

ಬಹುಕಾಲದ ಪರಿಣಾಮಗಳೆಂದು ವಿಜ್ಞಾನಿಗಳು ಯಾವುದಕ್ಕೆ ಹೇಳುತ್ತಾರೋ ಅವು ನಮಗೆ ಮನೆಯಲ್ಲೇ ಕಾಣತೊಡಗಿದವು. ಅಣ್ಣನ ಅಂಗಿಗಳು ಅವನಿಗಿಂತ ದೊಡ್ಡವಾದವು. ಗಲ್ಲ ಇಳಿದು, ನಮ್ಮ ತಂದೆಯ ಮೂಗು ಅವನ ಮುಖದಲ್ಲಿ ಇತ್ತೆಂದು ಮೊದಲ ಸಲ ಗೊತ್ತಾಯಿತು. ತಲೆಗೂದಲು ಉದುರಿತು. ಥಂಡಿ ಎಂದರೇನೆಂದು ಅರಿಯದಿದ್ದವನು ಡಿಸೆಂಬರಿನಲ್ಲಿ ಕಂಬಳಿ ಹೊದ್ದು ಅಂಗಡಿಯಲ್ಲಿ ಕೂತ. ದಿನಾ ನುಂಗಬೇಕಾದ ಗುಳಿಗೆಗಳನ್ನು ಊಟವೆಂದು ಎಣಿಸಬಹುದೇ ಎಂದು ಡಾಕ್ಟರನ್ನು ಕೇಳಿದ. ಒಂದು ಮದುವೆಯಲ್ಲಿ ಬೀಗರ ಒತ್ತಾಯಕ್ಕೆ ಮಣಿದು ಒಂದು ಜಿಲೇಬಿ ತಿಂದು, ಬೆವರಿ, ಎದೆ ಡವಗುಟ್ಟಿ, ಮದುಮಗನಿಗೆ ಹಾಸಿದ್ದ ಗಾದಿಯ ಮೇಲೆ ಮಧ್ಯಾಹ್ನವಿಡೀ ಮಲಗಿದ. ಉಂಡೆ ತಿಂದ ಇಲಿಗಳೂ ಮೊದಲು ಹೀಗೆಯೇ ಮಂಕಾಗುತ್ತಿದ್ದವೆಂದು ಮಗಳು ನೆನಪಿಸಿದಳು. "ಅವಕ್ಕ ಮದುವಿ ಮನಿ ಇರಲಿಲ್ಲವ್ವಾ," ಎಂದ ಅಣ್ಣ ಕಣ್ಣು ತೆರೆಯದೆ.

ಎರಡನೆಯ ವರ್ಷ ತೂಕ ತುಸು ಏರಿತು. ಮಗಳು ವಿಚಾರಣೆ ನಡೆಸಿದಳು. ಅಂಗಡಿಗೆ ಬಂದ ಬೆಲ್ಲದ ಪ್ರತಿ ಅಚ್ಚಿನಿಂದಲೂ ಅಣ್ಣ ಒಂದೊಂದು ಚೂರು ಮುರಿದು ಬಾಯಿಗೆ ಹಾಕಿ ಪರೀಕ್ಷಿಸುತ್ತಿದ್ದನೆಂದು ಹೊರಬಿತ್ತು. ಬೆಲ್ಲದ ವ್ಯಾಪಾರಿ ಬೆಲ್ಲ ನೋಡದೆ ಕೊಳ್ಳುವುದು ಹೇಗೆಂಬುದು ಅವನ ವಾದ. ವೈನಿ ಮರುದಿನದಿಂದ ತಾವೇ ಅಂಗಡಿಗೆ ಬಂದು, ಗಾದಿಯ ಪಕ್ಕ ಕೂತು, ಬೆಲ್ಲದ ರುಚಿ ನೋಡುವ ಕೆಲಸ ವಹಿಸಿಕೊಂಡರು. ಅವರ ನಾಲಿಗೆ ಅವನದಕ್ಕಿಂತ ಚೊಕ್ಕವೆಂದು ಪೇಟೆಯವರು ಬೇಗ ಒಪ್ಪಿದರು. ಉಣಿಸುವ ಕೈಗೆ ಹೀಗೊಂದು ಬೇರೆ ಕೆಲಸ ಸಿಕ್ಕಿತು.

ಆ ವರ್ಷದ ಚಾತುರ್ಮಾಸಕ್ಕೆ ನಾನೂ ನಿಪ್ಪಾಣಿಗೆ ಹೋಗಿ ಉಳಿದೆ. ಮೊದಲ ದಿನ ಬೆಳಿಗ್ಗೆ ಅಣ್ಣ ವೈನಿ ಮಡಿಯುಟ್ಟು ಬಾಗಿಲಲ್ಲಿ ನಿಂತರು. ಓಣಿಯ ಜನ ಮುನಿಗಳನ್ನು ನೋಡಲು ಸೇರಿದ್ದರು. ಕೆಲವರು ಅಣ್ಣನನ್ನು ನೋಡಲು ಬಂದದ್ದು ಸ್ಪಷ್ಟವಾಗಿತ್ತು. ಮುನಿಗಳು ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋದರು. ಎರಡನೆಯ ದಿನವೂ ಹೋದರು. ಅವರ ಮನಸ್ಸಿನ ಗುರುತು ಏನಿತ್ತೋ ಯಾರಿಗೂ ತಿಳಿಯದು. ಅಣ್ಣ ಬೇಸರಿಸಲಿಲ್ಲ. ಒಳಗೆ ಬಂದು, "ನಿಂತೆ. ಅಷ್ಟ ಆತು," ಎಂದು ತನ್ನ ಸಣ್ಣ ಬಟ್ಟಲಿನ ಗಂಜಿ ಕುಡಿದ. ವೈನಿ ಮಾತ್ರ ಮರುದಿನದ ಅಡಿಗೆಗೆ ನೀರು ಸೋಸುವಾಗ ಬಟ್ಟೆಯನ್ನು ಎರಡು ಸಲ ಮಡಿಚಿದರು.

ಮುಂದೊಂದು ಬೆಳಿಗ್ಗೆ ಮುನಿಗಳು ನಿಂತರು. ನಮ್ಮ ಬಾಗಿಲೆದುರು, ನವಿಲುಗರಿಯ ಪಿಂಛಿ ಹಿಡಿದು ನಿಂತರು. ಅಣ್ಣನಿಗೆ ಕರೆಯುವ ಮಾತುಗಳೇ ಮರೆತುಹೋದವು. ವೈನಿ ಪಕ್ಕದಿಂದ ಶುರುಮಾಡಿ ಕೊಟ್ಟರು. ಮೂರು ಪ್ರದಕ್ಷಿಣೆ ಆದವು. ಮೂರನೆಯದರಲ್ಲಿ ಅಣ್ಣ ಏದುಸಿರು ಬಿಡುತ್ತಿದ್ದನಾದರೂ ಗೋಡೆ ಹಿಡಿಯಲಿಲ್ಲ. ಒಳಗೆ ಪಾದ ತೊಳೆದದ್ದಾಯಿತು. ಇನ್ನು ನಮಸ್ಕಾರ.

ಅಣ್ಣ ಒಂದು ಮೊಣಕಾಲೂರಿದ. ಆಮೇಲೆ ಎರಡನೆಯದನ್ನು. ಹಣೆ ನೆಲಕ್ಕೆ ಮುಟ್ಟಿತು. ಪಡಸಾಲೆಯಲ್ಲಿದ್ದವರೆಲ್ಲ ಭಕ್ತಿಯಿಂದ ಉಸಿರು ಹಿಡಿದರು ಎಂದು ಬರೆಯಬಹುದು. ನಾನಂತೂ ಅವನು ಏಳುತ್ತಾನೋ ಇಲ್ಲವೋ ಎಂದು ಹಿಡಿದಿದ್ದೆ. ಎಬ್ಬಿಸಲು ಹೋದ ನನ್ನನ್ನು ವೈನಿ ಕಣ್ಣಲ್ಲೇ ತಡೆದರು. ತಾವೂ ಕೈ ಮುಂದೆ ಮಾಡಲಿಲ್ಲ. ಅಣ್ಣ ನೆಲಕ್ಕೆ ಎರಡೂ ಅಂಗೈ ಒತ್ತಿ, ಒಂದು ಕಾಲು ಎತ್ತಿಟ್ಟು, ತುಸು ತಡೆದು, ಎದ್ದು ನಿಂತ.

ನಮಸ್ಕಾರದ ನಂತರ, ಉಣಿಸುವವರು ತಮ್ಮ ಶುದ್ಧಿಯನ್ನು ಬಾಯಿಬಿಟ್ಟು ಹೇಳಬೇಕೆಂದು ಕ್ರಮ. ಇಬ್ಬರೂ ಕೈಮುಗಿದು ಹೇಳಿದರು. ಮನ ಶುದ್ಧಿ. ವಚನ ಶುದ್ಧಿ. ಕಾಯ ಶುದ್ಧಿ. ಮೂರನೆಯದಕ್ಕೆ ಅಣ್ಣನ ದನಿ ಬೇಕಾದದ್ದಕ್ಕಿಂತ ತುಸು ಮೇಲೇರಿತು. ವೈನಿ ಆಹಾರ ಜಲ ಶುದ್ಧಿ ಎಂದು ಸೇರಿಸಿ, ಮುನಿಗಳಿಗೆ ಮೊದಲ ತುತ್ತು ನೀಡಲೆಂದು ಅಣ್ಣನ ಕೈಗೆ ಅನ್ನದ ಬಟ್ಟಲು ಕೊಟ್ಟರು.